ಮಲ್ಪೆಯ ಮರಳಿನಾಚೆ: ಉಡುಪಿ ಕರಾವಳಿಯ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು?

ಉಡುಪಿ ಕರಾವಳಿಗೆ ನಾಲ್ಕೈದು ದಿನಗಳ ರಜೆಗೆಂದು ಬರುವ ಕುಟುಂಬಗಳ ತಿರುಗಾಟ ಬಹುಪಾಲು ಒಂದೇ ಜಾಡಿನಲ್ಲಿ ಸಾಗುತ್ತದೆ. ಮೊದಲ ದಿನ ಕೃಷ್ಣಮಠ ಮತ್ತು ಮಲ್ಪೆಯ ಕಡಲತೀರ, ಎರಡನೆಯ ದಿನ ಸೇಂಟ್ ಮೇರೀಸ್ ದ್ವೀಪ, ಮೂರನೆಯ ದಿನ ಕಾಪುವಿನ ದೀಪಸ್ತಂಭ ಇಲ್ಲವೇ ಮುರುಡೇಶ್ವರ. ಇವು ಯಾವುವೂ ನೋಡಬಾರದ ಸ್ಥಳಗಳಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಕಂಬಕಂಬವಾಗಿ ನಿಂತಿರುವ ಸೇಂಟ್ ಮೇರೀಸ್‌ನ ಬಂಡೆಗಳನ್ನು ಪ್ರತಿಯೊಂದು ಮಗುವೂ ಒಮ್ಮೆ ಮುಟ್ಟಿ ನೋಡಬೇಕು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಮೇಲಿನಿಂದ ಸಂಜೆಯ ಕಡಲನ್ನು ಕಾಣುವುದೂ ದೊಡ್ಡ ಸಂತೋಷವೇ. ಆದರೆ ಡಿಸೆಂಬರ್ ರಜೆಯ ಭಾನುವಾರಗಳಲ್ಲಿ ಈ ಸ್ಥಳಗಳಲ್ಲಿ ದೋಣಿಗಾಗಿ, ಮೆಟ್ಟಿಲಿಗಾಗಿ, ವಾಹನ ನಿಲ್ಲಿಸುವ ಜಾಗಕ್ಕಾಗಿ ಕಾಯುವುದರಲ್ಲಿಯೇ ಅರ್ಧ ದಿನ ಕಳೆದುಹೋಗುತ್ತದೆ. ಮಕ್ಕಳು ಬೇಸರಗೊಳ್ಳುತ್ತಾರೆ, ಹಿರಿಯರು ದಣಿಯುತ್ತಾರೆ.

ಜಾಡು ಬಿಟ್ಟು ನಡೆಯಲು ಬಯಸುವ ಕುಟುಂಬಕ್ಕೆ ಈ ಜಿಲ್ಲೆಯಲ್ಲಿ ಆಯ್ಕೆಗಳಿಗೆ ಕೊರತೆಯಿಲ್ಲ. ಇರುವ ಆಯ್ಕೆಗಳಲ್ಲಿ ಯಾವುದು ತಮ್ಮ ಮನೆಯವರಿಗೆ ಹೊಂದುತ್ತದೆ ಎಂದು ತೀರ್ಮಾನಿಸುವುದು ಮಾತ್ರ ಸ್ವಲ್ಪ ಕಷ್ಟದ ಕೆಲಸ. ಈ ತೀರ್ಮಾನಕ್ಕೆ ಸ್ಥಳದ ಹೆಸರಿಗಿಂತ ಹೆಚ್ಚು ಸಹಾಯ ಮಾಡುವ ಸಂಗತಿಗಳು ಮೂರು: ಹೋಗುವ ಹೊತ್ತು, ಹೋಗುವ ತಿಂಗಳು, ಮಕ್ಕಳ ವಯಸ್ಸು. ಇವುಗಳ ಜೊತೆಗೆ ನನ್ನದೊಂದು ಒಲವನ್ನೂ ಮೊದಲೇ ಹೇಳಿಬಿಡುತ್ತೇನೆ. ಕೇವಲ ನೋಡುವ ಸ್ಥಳಕ್ಕಿಂತ, ಯಾರೋ ತಮ್ಮ ನಿತ್ಯದ ಕೆಲಸದಲ್ಲಿ ತೊಡಗಿರುವ ಸ್ಥಳ ಮಕ್ಕಳನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಬಲೆ ಎಳೆಯುವುದು, ಮುಂಡಾಸು ಕಟ್ಟುವುದು, ದೋಣಿಗೆ ಜಲ್ಲೆ ಹಾಕುವುದು, ಇಂಥವನ್ನು ಹತ್ತಿರ ನಿಂತು ನೋಡಿದ ಮಗು ನಾಲ್ಕು ಪ್ರಶ್ನೆ ಕೇಳದೆ ಮುಂದಕ್ಕೆ ಹೋಗುವುದಿಲ್ಲ. ಮುಂದಿನ ಹೋಲಿಕೆಗಳಲ್ಲಿ ಈ ಒಲವು ಅಲ್ಲಲ್ಲಿ ಕಾಣಿಸುತ್ತದೆ.

ಬೆಳಗಿನ ಹೊತ್ತು: ಬಂದರಿನ ಏಲಂ ಅಥವಾ ಕೈರಂಪಣಿ

ಕಡಲ ಬದಿಯ ರಜೆಯಲ್ಲಿ ಅತ್ಯಂತ ಹೆಚ್ಚು ವ್ಯರ್ಥವಾಗುವ ಹೊತ್ತೆಂದರೆ ಬೆಳಗಿನ ಆರರಿಂದ ಒಂಬತ್ತರವರೆಗಿನದು. ಕರಾವಳಿಯ ನಿಜವಾದ ಚಟುವಟಿಕೆ ನಡೆಯುವುದೇ ಆಗ. ಆ ಹೊತ್ತಿನಲ್ಲಿ ಎರಡು ಆಯ್ಕೆಗಳಿವೆ, ಎರಡಕ್ಕೂ ಟಿಕೆಟ್ಟಿಲ್ಲ.

ಮೊದಲನೆಯದು ಮಲ್ಪೆಯ ಮೀನುಗಾರಿಕಾ ಬಂದರು. ಪರ್ಸೀನ್ ಬೋಟುಗಳು ಹೋದ ದಿನವೇ ಮರಳಿದರೆ, ಆಳಸಮುದ್ರದ ಟ್ರಾಲ್ ಬೋಟುಗಳು ಹತ್ತು ದಿನಗಳವರೆಗೂ ಕಡಲಲ್ಲಿದ್ದು ಬರುತ್ತವೆ. ಮೀನು ಇಳಿಯುತ್ತಿದ್ದಂತೆ ರಾಶಿ ಬೀಳುತ್ತದೆ, ಏಲಂ ಕೂಗು ಏಳುತ್ತದೆ, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು ಅದರೊಂದಿಗೆ ಬೆರೆಯುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ, ಬೊಂಡಾಸ್ ಇವನ್ನೆಲ್ಲ ಒಂದೇ ನೆಲದ ಮೇಲೆ ಗುರುತಿಸಿ ಕಲಿಯುವ ಅವಕಾಶ ಬೇರೆಲ್ಲಿಯೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಏಲಂ ನಡೆಯುವುದು ಬಹುತೇಕ ತುಳುವಿನಲ್ಲಿ. ಭಾಷೆ ತಿಳಿಯದಿದ್ದರೂ ಬೆಲೆ ಏರುವುದು ಕೂಗಿನಿಂದಲೇ ಗೊತ್ತಾಗುತ್ತದೆ. ಆದರೆ ಇದು ಪ್ರವಾಸಿಗರಿಗಾಗಿ ನಡೆಯುವ ಪ್ರದರ್ಶನವಲ್ಲ, ಸಾವಿರಾರು ಜನರ ಅನ್ನದ ಕೆಲಸ. ನೆಲ ಸದಾ ಒದ್ದೆಯಾಗಿರುತ್ತದೆ, ಬುಟ್ಟಿ ಹೊತ್ತವರು ಹಾಗೂ ಲಾರಿಗಳು ಎಡೆಬಿಡದೆ ಓಡಾಡುತ್ತವೆ. ಕೈ ಹಿಡಿದು ನಡೆಯಲು ಒಪ್ಪದ ಮೂರು ನಾಲ್ಕು ವರ್ಷದ ಮಕ್ಕಳಿಗೆ ಈ ಜಾಗ ಸರಿಯಲ್ಲ. ಎಂಟು ವರ್ಷ ದಾಟಿದವರಿಗೆ, ಜಾರದ ಚಪ್ಪಲಿ ಹಾಕಿಸಿ, ದಾರಿಗೆ ಅಡ್ಡವಾಗದಂತೆ ಬದಿಯಲ್ಲಿ ನಿಲ್ಲಿಸಿದರೆ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಮೀನಿನ ವಾಸನೆಯನ್ನು ತಾಳಲಾರದ ಮನೆಯವರಿದ್ದರೆ ಅವರನ್ನು ಒತ್ತಾಯಿಸಿ ಕರೆತರಬೇಡಿ.

ಎರಡನೆಯದು ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಿಂದ ಎಳೆಯುವ ದೊಡ್ಡ ಬಲೆ. ನನ್ನ ಮಟ್ಟಿಗೆ ಇಡೀ ಕರಾವಳಿಯಲ್ಲಿ ಮಕ್ಕಳಿಗೆ ತೋರಿಸಬೇಕಾದ ಮೊದಲ ಸಂಗತಿ ಇದೇ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ಮಲ್ಪೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ಹರಡಿರುವ ಮೀನುಗಾರರ ಊರುಗಳ ಮರಳದಂಡೆಯಲ್ಲಿ ಇದನ್ನು ಕಾಣಬಹುದು. ಒಂದು ನಾಡದೋಣಿ ದಡದಿಂದ ಹೊರಟು, ಬಲೆಯನ್ನು ನೀರಿಗೆ ಬಿಡುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ, ಮತ್ತೆ ಸ್ವಲ್ಪ ದೂರದಲ್ಲಿ ದಡಕ್ಕೆ ಬರುತ್ತದೆ. ಬಲೆಯ ಎರಡೂ ತುದಿಗಳ ಹಗ್ಗ ದಡದಲ್ಲಿರುವ ಎರಡು ಗುಂಪುಗಳ ಕೈಸೇರುತ್ತದೆ. ಹಗ್ಗವನ್ನು ಸೊಂಟಕ್ಕೆ ತಾಗಿಸಿಕೊಂಡು, ಹಿಮ್ಮಡಿಯನ್ನು ಮರಳಿಗೆ ಊರಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಅವರು ಎಳೆಯುತ್ತಾರೆ; ಕೊನೆಯಲ್ಲಿ ನಿಂತವರು ಹಗ್ಗ ಬಿಟ್ಟು ಮತ್ತೆ ನೀರಿನ ಅಂಚಿಗೆ ಬಂದು ಹಿಡಿಯುತ್ತಾರೆ. ಬಲೆ ಹತ್ತಿರವಾದಂತೆ ಎರಡು ಗುಂಪುಗಳೂ ಒಂದರ ಕಡೆಗೆ ಒಂದು ಸರಿದು, ಕೊನೆಗೆ ಚೀಲದಂತಿರುವ ಬಲೆಯ ನಡುಭಾಗ ದಡಕ್ಕೆ ಬಂದು ಬೀಳುವಾಗ ಗಿಡುಗಗಳು ತಲೆಯ ಮೇಲೆ ಸುತ್ತುತ್ತಿರುತ್ತವೆ. ಇಡೀ ಕೆಲಸಕ್ಕೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ವಿನಯದಿಂದ ಕೇಳಿಕೊಂಡರೆ ಮಕ್ಕಳಿಗೂ ಹಗ್ಗದಲ್ಲಿ ಒಂದು ಕೈ ಸಿಗುವುದುಂಟು.

ಬಲೆ ಬಿಡಿಸಿದಾಗ ಎರಡು ಎಚ್ಚರಿಕೆಗಳು ಮುಖ್ಯ. ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಮತ್ತು ಪಾರದರ್ಶಕ ಲೋಳೆಮೀನು (ಜೆಲ್ಲಿಫಿಶ್) ಎರಡೂ ಬಲೆಯಲ್ಲಿ ಬರುತ್ತವೆ, ಸತ್ತಂತೆ ಕಂಡರೂ ನೋವು ಮಾಡುತ್ತವೆ. ಮೀನುಗಾರರು ತೋರಿಸಿಕೊಟ್ಟದ್ದನ್ನಲ್ಲದೆ ಬೇರೇನನ್ನೂ ಮಕ್ಕಳು ಮುಟ್ಟಬಾರದು. ಮರಳಿನಲ್ಲಿ ಓಡಾಡಲು ಜಾಗವಿರುವುದರಿಂದ ಐದು ವರ್ಷದ ಮಗುವಿಗೂ ಕೈರಂಪಣಿ ಹೊಂದುತ್ತದೆ. ಬಂದರಿನೊಂದಿಗೆ ಹೋಲಿಸಿದರೆ ಇದರ ಕೊರತೆ ಒಂದೇ: ಇಂಥ ದಿನ ಇಂಥ ಕಡೆ ಬಲೆ ಬೀಳುತ್ತದೆಂದು ಯಾರೂ ಮಾತು ಕೊಡಲಾರರು. ಹಿಂದಿನ ಸಂಜೆ ತೀರದ ಮನೆಗಳಲ್ಲಿ ವಿಚಾರಿಸಿಟ್ಟುಕೊಳ್ಳುವುದೊಂದೇ ದಾರಿ.

ನೀರಿನ ಮೇಲೆ: ಅಳಿವೆ, ಕಾಂಡ್ಲಾ, ಕೆರೆ

ದ್ವೀಪದ ದೋಣಿಗೆ ಬದಲಾಗಿ ನೀರಿನ ಮೇಲೆ ಹೋಗುವ ಬೇರೆ ದಾರಿಗಳು ಕನಿಷ್ಠ ನಾಲ್ಕಿವೆ. ಒಂದು ಇನ್ನೊಂದಕ್ಕೆ ಬದಲಿಯಾಗಲಾರದು. ಆದ್ದರಿಂದ ಇಲ್ಲಿ ಆಯ್ಕೆ ಎಚ್ಚರದಿಂದ ಆಗಬೇಕು.

ಮಲ್ಪೆಯಿಂದ ಉತ್ತರಕ್ಕೆ ಕಡಲಿನ ಬದಿಯ ರಸ್ತೆಯಲ್ಲಿ ಸಾಗಿದರೆ ನೆಲ ಕ್ರಮೇಣ ಕಿರಿದಾಗುತ್ತ, ಎಡಕ್ಕೆ ಸಮುದ್ರ, ಬಲಕ್ಕೆ ನದಿ, ನಡುವೆ ತೆಂಗಿನ ತೋಟಗಳ ಒಂದು ಪಟ್ಟಿ ಮಾತ್ರ ಉಳಿಯುತ್ತದೆ. ಅದರ ತುದಿಯೇ ಕೋಡಿಬೆಂಗ್ರೆ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವ ಅಳಿವೆ ಇಲ್ಲಿದೆ. ಎದುರು ದಡದಲ್ಲಿ ಹಂಗಾರಕಟ್ಟೆ. ಊರವರು ಇಲ್ಲಿ ಹೊಳೆ ದಾಟಲು ಬಳಸುವ ಬಾರ್ಜ್ ಸೇವೆ ನೀವು ಹೋದ ದಿನ ನಡೆಯುತ್ತಿದ್ದರೆ ಅದನ್ನು ತಪ್ಪಿಸಿಕೊಳ್ಳಬೇಡಿ. ಸ್ಕೂಟರು, ಮೀನಿನ ಬುಟ್ಟಿ, ಶಾಲೆಯ ಚೀಲಗಳ ನಡುವೆ ನಿಂತು ಅಳಿವೆ ದಾಟುವ ಕೆಲವು ನಿಮಿಷಗಳು ಯಾವ ವಿಹಾರದೋಣಿಯ ಸವಾರಿಗೂ ಕಡಿಮೆಯಲ್ಲ. ಇಳಿತದ ಹೊತ್ತಿನಲ್ಲಿ ನದಿಯ ಬದಿಯ ಕೆಸರಿನಲ್ಲಿ ಊರವರು ಮರುವಾಯಿ (ಚಿಪ್ಪುಮೀನು) ಹೆಕ್ಕುವುದನ್ನೂ ಕಾಣಬಹುದು. ಕೋಡಿಬೆಂಗ್ರೆಯ ದೊಡ್ಡ ಗುಣವೆಂದರೆ ಅಜ್ಜ ಅಜ್ಜಿಯರೂ ಆಯಾಸವಿಲ್ಲದೆ ಬರಬಹುದು, ಅರ್ಧ ದಿನದಲ್ಲಿ ಮುಗಿಯುತ್ತದೆ. ದೊಡ್ಡ ಅಪಾಯವೂ ಒಂದಿದೆ. ಅಳಿವೆಯ ನೀರು ನೋಡಲು ಕಡಲಿಗಿಂತ ಶಾಂತವಾಗಿ ಕಾಣುತ್ತದೆ, ಆದರೆ ಇಳಿತದಲ್ಲಿ ಹೊಳೆಯ ನೀರೆಲ್ಲ ಕಡಲಿಗೆ ಹರಿಯುವಾಗ ಸೆಳೆತ ಬಹಳ ಬಲವಾಗಿರುತ್ತದೆ. ಇಲ್ಲಿ ಮಕ್ಕಳನ್ನು ಮೊಣಕಾಲು ನೀರಿಗೂ ಇಳಿಸಬೇಡಿ. ಈಜುವ ಆಸೆಯನ್ನು ಮಲ್ಪೆಯಲ್ಲಿ, ಜೀವರಕ್ಷಕರು ಇರುವ ಕಡೆ ತೀರಿಸಿಕೊಳ್ಳಿ.

ಸಾಲಿಗ್ರಾಮದ ಬಳಿ, ಸೀತಾನದಿಯ ಹಿನ್ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ನಡುವೆ ಕಯಾಕ್ ಎಂಬ ಕಿರುದೋಣಿ ನಡೆಸುವ ವ್ಯವಸ್ಥೆ ಇದೆ. ಉಡುಪಿಯಿಂದ ಕುಂದಾಪುರದ ಕಡೆಗೆ ಹೆದ್ದಾರಿಯಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ಮರಗಳು ಎರಡೂ ಬದಿಯಿಂದ ಬಾಗಿ ನೀರಿನ ಮೇಲೆ ಚಪ್ಪರ ಹಾಕಿದಂತಿರುವ ಕಿರುಗಾಲುವೆಗಳಲ್ಲಿ ಸ್ವತಃ ಹುಟ್ಟು ಹಾಕಿಕೊಂಡು ಸಾಗುವುದು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ. ಇದಕ್ಕಿಂತ ಚಿಕ್ಕವರು ದೊಡ್ಡವರ ಕಯಾಕಿನ ಮುಂದುಗಡೆ ಕುಳಿತು ಹೋಗಬಹುದಾದರೂ, ಒಂದು ಗಂಟೆ ಅಲುಗಾಡದೆ ಕುಳಿತಿರಬೇಕಾಗುತ್ತದೆ. ಜೀವರಕ್ಷಕ ಜಾಕೆಟ್ಟನ್ನು ದಡದಲ್ಲಿಯೇ ತೊಡಿಸಿ, ಮಗುವಿನ ಅಳತೆಯದು ಇದೆಯೇ ಎಂದು ನೋಡಿ. ಇಲ್ಲವೆಂದರೆ ಮಗುವನ್ನು ಕೂರಿಸಬೇಡಿ. ಭರತದ ಹೊತ್ತಿನಲ್ಲಿ ಮಾತ್ರ ಕಿರುಗಾಲುವೆಗಳ ಒಳಗಿನವರೆಗೆ ಹೋಗಲು ಸಾಧ್ಯ, ಆದ್ದರಿಂದ ನಡೆಸುವವರು ಹೇಳಿದ ಹೊತ್ತಿಗೆ ನೀವು ಹೊಂದಿಕೊಳ್ಳಬೇಕೇ ಹೊರತು ನಿಮ್ಮ ಹೊತ್ತಿಗೆ ಅವರನ್ನು ಒಪ್ಪಿಸುವುದರಲ್ಲಿ ಲಾಭವಿಲ್ಲ.

ಅದೇ ಕಾಂಡ್ಲಾವನವನ್ನು ಒದ್ದೆಯಾಗದೆ ನೋಡಬೇಕೆಂದರೆ ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆಗೆ ಹೋಗಬೇಕು. ಶರಾವತಿಯ ದಡದ ಕೆಸರಿನ ಮೇಲೆ ಮರದ ಹಾದಿ ಕಟ್ಟಿದ್ದಾರೆ. ನೀರಿನಿಂದ ಮೇಲಕ್ಕೆ ಮೂಗು ಚಾಚಿದಂತಿರುವ ಉಸಿರಾಟದ ಬೇರುಗಳು, ಕಾಂಡದಿಂದ ಕಮಾನಿನಂತೆ ಇಳಿದ ಊರುಗೋಲು ಬೇರುಗಳು, ಮರದಲ್ಲಿರುವಾಗಲೇ ಮೊಳಕೆಯೊಡೆದು ಕೋಲಿನಂತೆ ಜೋತಾಡುವ ಬೀಜಗಳು, ಕೆಸರಿನಲ್ಲಿ ಒಂದೇ ದೊಡ್ಡ ಕೊಂಬು ಬೀಸುವ ಏಡಿಗಳು, ಇವನ್ನೆಲ್ಲ ನಾಲ್ಕು ವರ್ಷದ ಮಗುವಿಗೂ ನಿಧಾನವಾಗಿ ತೋರಿಸಬಹುದು. ಸಾಲಿಗ್ರಾಮದಲ್ಲಿ ಹುಟ್ಟಿನ ಕಡೆ ಗಮನವಿರುವುದರಿಂದ ಇಷ್ಟು ಸೂಕ್ಷ್ಮವಾಗಿ ನೋಡಲಾಗುವುದಿಲ್ಲ. ಆದರೆ ಉಡುಪಿಯಿಂದ ಹೊನ್ನಾವರ ಹತ್ತಿರವಲ್ಲ. ಹೋಗಿ ಬರಲು ಒಂದಿಡೀ ದಿನ ಬೇಕು. ಕೊಂಕಣ ರೈಲಿನಲ್ಲಿ ಹೋದರೆ ಪ್ರಯಾಣವೇ ಅರ್ಧ ವಿಹಾರವಾಗುತ್ತದೆ, ಏಕೆಂದರೆ ಹೊನ್ನಾವರದ ಬಳಿ ಶರಾವತಿಯನ್ನು ದಾಟುವ ಸೇತುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಆ ಮಾರ್ಗದ ಸೇತುವೆಗಳಲ್ಲಿಯೇ ಅತ್ಯಂತ ಉದ್ದವಾದುದು. ನದಿಯ ಆಚೆ ಬದಿಯ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಿದೆ. ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆಗಳ ಅನುಕೂಲವಿರುವುದರಿಂದ ಚಿಕ್ಕ ಮಕ್ಕಳಿರುವವರು ಮಧ್ಯಾಹ್ನದ ನಂತರದ ಹೊತ್ತನ್ನು ಅಲ್ಲಿ ಕಳೆಯಬಹುದು.

ನಾಲ್ಕನೆಯ ದಾರಿ ಕಡಲಿಗೆ ಬೆನ್ನು ಹಾಕಿ ಹೋಗುವುದು. ಕಾರ್ಕಳದಿಂದ ಹೆಬ್ರಿಗೆ ಹೋಗುವ ರಸ್ತೆಯಲ್ಲಿ ವರಂಗ ಎಂಬ ಊರಿದೆ. ಅಲ್ಲಿ ತಾವರೆ ಬೆಳೆದ ಕೆರೆಯ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲಿರುವ ಪ್ರಾಚೀನ ಜೈನ ಬಸದಿ ನಿಂತಿದೆ. ಅಲ್ಲಿಗೆ ನಡೆದು ಹೋಗಲು ದಾರಿಯಿಲ್ಲ. ಒಂದು ಚಿಕ್ಕ ದೋಣಿಯೇ ಗತಿ. ಎದುರಿಗೆ ಹಸಿರು ಗದ್ದೆ, ಹಿಂದೆ ಪಶ್ಚಿಮಘಟ್ಟದ ಗೋಡೆ, ತಾವರೆ ಎಲೆಗಳ ನಡುವೆ ಸದ್ದಿಲ್ಲದೆ ಸರಿಯುವ ದೋಣಿ. ಸವಾರಿ ಕೆಲವೇ ನಿಮಿಷಗಳದ್ದಾದರೂ ನೀರಿಗೆ ಹೆದರುವ ಮಗುವಿನ ಮೊದಲ ದೋಣಿಯಾಗಲು ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಇದು ಪೂಜೆ ನಡೆಯುವ ಬಸದಿ ಎಂಬುದನ್ನು ಮರೆಯದೆ ನಡೆದುಕೊಳ್ಳಬೇಕು. ವರಂಗಕ್ಕಾಗಿಯೇ ಅಷ್ಟು ದೂರ ಹೋಗುವುದು ಹೆಚ್ಚೆನಿಸಿದರೆ, 1432ರಲ್ಲಿ ಪ್ರತಿಷ್ಠಾಪಿಸಿದ ಕಾರ್ಕಳದ ಗೊಮ್ಮಟನನ್ನೂ ಅದೇ ದಿನಕ್ಕೆ ಸೇರಿಸಿಕೊಳ್ಳಿ. ಮೆಟ್ಟಿಲು ಹತ್ತಬೇಕಾದ ಗೊಮ್ಮಟನನ್ನು ಬೆಳಿಗ್ಗೆಗೂ ವರಂಗವನ್ನು ಇಳಿಹೊತ್ತಿಗೂ ಇಟ್ಟುಕೊಳ್ಳುವುದು ಒಳ್ಳೆಯದು.

ಈ ನಾಲ್ಕರಲ್ಲಿ ಒಂದನ್ನೇ ಆರಿಸಬೇಕಾದರೆ, ಹತ್ತು ದಾಟಿದ ಮಕ್ಕಳಿದ್ದ ಮನೆಯವರಿಗೆ ಸಾಲಿಗ್ರಾಮ, ಮೂರು ತಲೆಮಾರು ಒಟ್ಟಿಗೆ ಬಂದವರಿಗೆ ಕೋಡಿಬೆಂಗ್ರೆ ಎಂದು ಹೇಳುತ್ತೇನೆ. ಸಮಯ ಯಥೇಚ್ಛವಾಗಿದ್ದವರಿಗೆ ಮಾತ್ರ ಹೊನ್ನಾವರ.

ಬಿಸಿಲು ಸುಡುವಾಗ, ಮಳೆ ಹಿಡಿದಾಗ

ಹನ್ನೊಂದರಿಂದ ನಾಲ್ಕರವರೆಗೆ ಕರಾವಳಿಯ ಬಿಸಿಲಿನಲ್ಲಿ ಮಕ್ಕಳನ್ನು ಹೊರಗೆ ಸುತ್ತಿಸುವುದು ಸರಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಕಾರಣದಿಂದ ಅದು ಸಾಧ್ಯವೂ ಇಲ್ಲ. ಈ ಹೊತ್ತಿಗೆ ಮಣಿಪಾಲದಲ್ಲಿ ಎರಡು ವಿಶಿಷ್ಟ ಸಂಗ್ರಹಗಳಿವೆ. ಎರಡರ ಸ್ವಭಾವವೂ ಪೂರ್ತಿ ಬೇರೆ.

ಹಸ್ತಶಿಲ್ಪ ಪಾರಂಪರಿಕ ಗ್ರಾಮವು ಬ್ಯಾಂಕ್ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈ ಅವರ ಜೀವಮಾನದ ಕೆಲಸ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲುಗಳ ಸಮೇತ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್ ಹೀಗೆ ಕರಾವಳಿಯಿಂದ ಬಯಲುಸೀಮೆಯವರೆಗಿನ ಕಟ್ಟಡಗಳು ಒಂದೇ ಆವರಣದಲ್ಲಿವೆ. ಮಾರ್ಗದರ್ಶಕರೊಂದಿಗೆ, ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ ಪ್ರವೇಶ. ಮೊದಲೇ ವಿಚಾರಿಸಿ ಹೋಗಬೇಕು. ಅಡುಗೆಮನೆಯ ಪಾತ್ರೆ, ಭತ್ತದ ಕಣಜ, ತೊಟ್ಟಿಯ ಅಂಗಳಗಳ ಮುಂದೆ ಅಜ್ಜಿ ತಾತಂದಿರ ಬಾಯಿಂದ ಬರುವ ಮಾತುಗಳೇ ಇಲ್ಲಿನ ಅತ್ಯುತ್ತಮ ವಿವರಣೆ, ಆದ್ದರಿಂದ ಹಿರಿಯರಿಲ್ಲದೆ ಇಲ್ಲಿಗೆ ಹೋಗುವುದು ಅರ್ಧ ನಷ್ಟವೆಂದೇ ನನ್ನ ಭಾವನೆ. ಆರಕ್ಕಿಂತ ಚಿಕ್ಕ ಮಕ್ಕಳಿಗೆ ಮಾತ್ರ ‘ಮುಟ್ಟಬೇಡ’ ಎಂಬ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಇನ್ನೊಂದು, ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಂಗರಚನಾ ಮತ್ತು ರೋಗಶಾಸ್ತ್ರ ವಸ್ತುಸಂಗ್ರಹಾಲಯ. ಗಾಜಿನ ಪಾತ್ರೆಗಳಲ್ಲಿ ಕಾಪಿಟ್ಟ ಮನುಷ್ಯ ದೇಹದ ನಿಜವಾದ ಅಂಗಗಳು, ಆನೆಯ ಅಸ್ಥಿಪಂಜರ, ಕಾಳಿಂಗಸರ್ಪದ ಎಲುಬುಗಳ ಸಾಲು ಇಲ್ಲಿವೆ. ಸಾಮಾನ್ಯ ಜನರಿಗೂ ತೆರೆದಿರುವ ಇಂಥ ಸಂಗ್ರಹ ದೇಶದಲ್ಲಿಯೇ ಅಪರೂಪ. ದೇಹದ ಬಗ್ಗೆ ಪ್ರಶ್ನೆಗಳು ಮುಗಿಯದ ಹನ್ನೆರಡು ಹದಿಮೂರರ ಮಕ್ಕಳು ಇಲ್ಲಿಂದ ಹೊರಡಲು ಒಪ್ಪುವುದಿಲ್ಲ. ಸಿಗರೇಟಿನಿಂದ ಕಪ್ಪಾದ ಶ್ವಾಸಕೋಶವನ್ನು ಆರೋಗ್ಯವಾದದ್ದರ ಪಕ್ಕದಲ್ಲಿ ಕಂಡ ಮೇಲೆ ಅವರಿಗೆ ಉಪದೇಶದ ಅಗತ್ಯವಿರುವುದಿಲ್ಲ. ಆದರೆ ರಾತ್ರಿ ಹೆದರಿ ಏಳುವ ಸ್ವಭಾವದ ಮಕ್ಕಳು, ಮನೆಯಲ್ಲಿ ಇತ್ತೀಚೆಗೆ ಸಾವನ್ನು ಕಂಡ ಮಕ್ಕಳು ಇದ್ದರೆ ಈ ಆಯ್ಕೆಯನ್ನು ಬಿಟ್ಟುಬಿಡಿ. ಮನೆಯವರು ಎರಡು ಗುಂಪಾಗಿ, ದೊಡ್ಡ ಮಕ್ಕಳು ಇಲ್ಲಿಗೂ ಚಿಕ್ಕವರು ಹಿರಿಯರೊಂದಿಗೆ ಹಸ್ತಶಿಲ್ಪಕ್ಕೂ ಹೋಗಿ ಊಟದ ಹೊತ್ತಿಗೆ ಸೇರುವುದು ಎಲ್ಲಕ್ಕಿಂತ ಅನುಕೂಲ.

ಉಡುಪಿ ಪೇಟೆಯಲ್ಲಿಯೇ ಉಳಿದವರಿಗೆ ನಾಣ್ಯಗಳ ಸಂಗ್ರಹವೊಂದಿದೆ. 1906ರಲ್ಲಿ ಉಡುಪಿಯಲ್ಲಿ ಆರಂಭವಾಗಿ 2020ರಲ್ಲಿ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾದ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ಅದನ್ನು ಇರಿಸಿದ್ದಾರೆ. ನಾಣ್ಯ ಕೂಡಿಡುವ ಹವ್ಯಾಸವಿರುವ ಮಗುವಿಗೆ ಇದು ಹಬ್ಬ, ಉಳಿದವರಿಗೆ ಅರ್ಧ ಗಂಟೆ ಸಾಕು.

ಸಂಜೆಯ ಮೇಲೆ: ಚೌಕಿ ಅಥವಾ ಕಂಬಳದ ಕರೆ

ನವೆಂಬರ್ ತಿಂಗಳಿನಿಂದ ಮೇ ಕೊನೆಯವರೆಗೆ ಈ ಜಿಲ್ಲೆಯ ಯಾವುದಾದರೊಂದು ಬಯಲಿನಲ್ಲಿ ಪ್ರತಿ ರಾತ್ರಿಯೂ ಯಕ್ಷಗಾನ ನಡೆಯುತ್ತದೆ. ಮಂದಾರ್ತಿಯಂಥ ದೇವಸ್ಥಾನಗಳ ಮೇಳಗಳು ಆಡುವ ಹರಕೆಯಾಟಗಳಿಗೆ ಪ್ರವೇಶಧನವಿಲ್ಲ; ಊರಿನ ಯಾರೋ ಒಬ್ಬರು ಸೇವೆ ಮಾಡಿಸಿರುತ್ತಾರೆ, ಬಂದವರೆಲ್ಲರೂ ಅವರ ಅತಿಥಿಗಳು. ಹೊರಗಿನಿಂದ ಬಂದ ಕುಟುಂಬಗಳು ಸಾಮಾನ್ಯವಾಗಿ ಹತ್ತು ಗಂಟೆಯ ಸುಮಾರಿಗೆ ಬಂದು, ಅರ್ಥವಾಗದ ಪದ್ಯಗಳ ನಡುವೆ ತೂಕಡಿಸುವ ಮಕ್ಕಳನ್ನು ಹೊತ್ತು ಹನ್ನೊಂದಕ್ಕೆ ಹೊರಡುತ್ತವೆ. ಮಕ್ಕಳಿಗಾಗಿ ಹೋಗುವವರು ಆಟ ಆರಂಭವಾಗುವುದಕ್ಕೆ ಎರಡು ಗಂಟೆ ಮೊದಲೇ ತಲುಪಿ ನೇರವಾಗಿ ಚೌಕಿಗೆ ಹೋಗಬೇಕು.

ಚೌಕಿ ಎಂದರೆ ರಂಗಸ್ಥಳದ ಹಿಂದೆ ಹಾಕಿದ, ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚಪ್ಪರ. ಒಂದು ತುದಿಯಲ್ಲಿ ದೇವರು, ದೀಪ. ಎರಡು ಬದಿಗಳಲ್ಲಿ ತಮ್ಮ ತಮ್ಮ ಪೆಟ್ಟಿಗೆಗಳ ಮುಂದೆ ಕಲಾವಿದರು ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಾರೆ. ಅಂಗೈಯಷ್ಟು ಕನ್ನಡಿಯನ್ನು ಎದುರಿಗಿಟ್ಟುಕೊಂಡು ಬಿಳಿ ಸಪೇತ, ಹಳದಿ, ಕೆಂಪು ಕಲಸಿ ಮುಖಕ್ಕೆ ಹಚ್ಚಿ, ಕಡ್ಡಿಯ ತುದಿಯಿಂದ ಕಣ್ಣಿನ ಸುತ್ತ ಕಪ್ಪು ಎಳೆಯುವಾಗ ಕೈ ಸ್ವಲ್ಪವೂ ನಡುಗುವುದಿಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮುಂಡಾಸು ಸಿದ್ಧವಾಗಿರುವ ಕಿರೀಟವಲ್ಲ. ಪ್ರತಿ ರಾತ್ರಿಯೂ ಅದನ್ನು ತಲೆಯ ಮೇಲೆಯೇ ಹೊಸದಾಗಿ ಕಟ್ಟಬೇಕು. ಒಬ್ಬರು ಬಟ್ಟೆಯ ತುದಿಯನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಾರೆ, ಕಲಾವಿದ ತಲೆಯನ್ನು ಅತ್ತಿತ್ತ ಹೊರಳಿಸುತ್ತ ಸುತ್ತಿಸಿಕೊಳ್ಳುತ್ತಾನೆ, ಅದರ ಮೇಲೆ ಜರಿಪಟ್ಟಿ ಸಾಲುಸಾಲಾಗಿ ಏರುತ್ತದೆ. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳವಾದರೆ ಬಣ್ಣದ ವೇಷದ ರಾಕ್ಷಸನ ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಒಂದೊಂದೇ ಚಿಟ್ಟಿ (ಉಬ್ಬಿದ ಚುಕ್ಕಿ) ಇಡುವುದನ್ನು ಕಾಣಬಹುದು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಬನಿಯನ್ ತೊಟ್ಟು ಚಹಾ ಕುಡಿಯುತ್ತಿದ್ದ ಮನುಷ್ಯ ತಮ್ಮ ಕಣ್ಣೆದುರಿನಲ್ಲಿಯೇ ಮಹಿಷಾಸುರನಾಗಿ ಎದ್ದು ನಿಲ್ಲುವುದನ್ನು ಕಂಡ ಮಕ್ಕಳು ರಂಗಸ್ಥಳಕ್ಕೆ ಅವನು ಬರುವವರೆಗೂ ಕಣ್ಣು ಮುಚ್ಚದೆ ಕಾಯುತ್ತಾರೆ. ಚೌಕಿಯ ಹೊರಗೆ ಚಪ್ಪಲಿ ಬಿಡಬೇಕು, ಫೋಟೋ ತೆಗೆಯುವ ಮೊದಲು ಕೇಳಬೇಕು, ಪೆಟ್ಟಿಗೆಗಳನ್ನು ದಾಟಬಾರದು. ಇತ್ತೀಚಿನ ವರ್ಷಗಳಲ್ಲಿ ಕೆಲವು ಮೇಳಗಳು ಬೆಳಗಿನವರೆಗೆ ಆಡದೆ ಮಧ್ಯರಾತ್ರಿಗೆ ಮುನ್ನ ಮುಗಿಸುವ ಕಾಲಮಿತಿಯ ಪದ್ಧತಿಗೆ ಬಂದಿವೆ; ಚಿಕ್ಕ ಮಕ್ಕಳಿರುವವರಿಗೆ ಅದು ಹೆಚ್ಚು ಹೊಂದುತ್ತದೆ.

ಕಂಬಳದ ಕಾಲವೂ ಬಹುಮಟ್ಟಿಗೆ ನವೆಂಬರಿನಿಂದ ಮಾರ್ಚಿನವರೆಗೆ. ಇದರಲ್ಲಿ ಎರಡು ಬಗೆಗಳಿದ್ದು, ಹೊರಗಿನವರು ಅವುಗಳ ವ್ಯತ್ಯಾಸ ತಿಳಿದೇ ಆರಿಸಬೇಕು. ಮೂಡುಬಿದಿರೆ, ಪುತ್ತೂರು, ಮಿಯಾರು, ಐಕಳ ಮುಂತಾದ ಕಡೆಯ ಜೋಡುಕರೆ (ಅಕ್ಕಪಕ್ಕದಲ್ಲಿ ಎರಡು ಕರೆ, ಅಂದರೆ ಕೆಸರಿನ ಓಟದ ಹಾದಿಗಳಿರುವ) ಕಂಬಳಗಳು ಸ್ಪರ್ಧೆಗಳು. ಶನಿವಾರ ಬೆಳಿಗ್ಗೆ ಆರಂಭವಾಗಿ ಭಾನುವಾರದವರೆಗೂ ಹಗಲಿರುಳು ನಡೆಯುತ್ತವೆ. ಓಟ ಆರಂಭವಾಗುವ ಗಂತಿನಿಂದ ಹೊರಟ ಕೋಣಗಳು ಓಟ ಮುಗಿಯುವ ಮಂಜೊಟ್ಟಿ ತಲುಪುವುದು ಹದಿಮೂರು ಹದಿನಾಲ್ಕು ಸೆಕೆಂಡುಗಳ ಮಾತು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶವನ್ನೆಲ್ಲ ಸುತ್ತಿತ್ತು. ಕನೆಹಲಗೆ ವಿಭಾಗದಲ್ಲಿ ಓಟದ ವೇಗಕ್ಕಿಂತ, ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟುವುದೇ ಮುಖ್ಯವಾದ್ದರಿಂದ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ. ಆದರೆ ಜನಸಂದಣಿ, ಧ್ವನಿವರ್ಧಕ, ಧೂಳು ಎಲ್ಲವೂ ಜಾಸ್ತಿ. ಇದಕ್ಕೆ ಬದಲಾಗಿ ಕುಂದಾಪುರ ಕಡೆಯ ವಂಡಾರು, ತಗ್ಗರ್ಸೆಯಂಥ ಸಾಂಪ್ರದಾಯಿಕ ಕಂಬಳಗಳಲ್ಲಿ ಪೈಪೋಟಿಗಿಂತ ಗದ್ದೆಯ, ಮನೆತನದ, ದೈವದ ಆಚರಣೆಯೇ ಪ್ರಧಾನ. ಅವು ಹಗಲಿನಲ್ಲಿಯೇ ಮುಗಿಯುತ್ತವೆ. ಊರಿನ ಹೆಂಗಸರು ಮಕ್ಕಳೆಲ್ಲ ಗದ್ದೆಯ ಅಂಚಿನಲ್ಲಿ ನೆರೆಯುತ್ತಾರೆ, ಸುತ್ತಲೂ ಸಣ್ಣ ಜಾತ್ರೆಯೇ ಇರುತ್ತದೆ. ಕುಟುಂಬದೊಂದಿಗೆ ಹೋಗುವವರಿಗೆ ನಾನು ನಿಸ್ಸಂದೇಹವಾಗಿ ಹೇಳುವುದು ಎರಡನೆಯದನ್ನೇ.

ಪ್ರಾಣಿಗಳ ಬಗ್ಗೆ ಕನಿಕರವಿರುವ ಮಗು ಕಂಬಳದಲ್ಲಿ ಬಾರುಕೋಲಿನ ಬಗ್ಗೆ ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ನಿಜವನ್ನೇ ಹೇಳಬೇಕು. 2014ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಕಂಬಳ ನಿಂತಿತ್ತು, 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪರ ವಿರೋಧಗಳೆರಡನ್ನೂ ಮಕ್ಕಳ ಮುಂದೆ ಇಡಲು ಮನಸ್ಸಿಲ್ಲದವರು ಚೌಕಿಯನ್ನೇ ಆರಿಸಿಕೊಳ್ಳುವುದು ಲೇಸು.

ಮಂಗಳೂರಿಗೆ ಒಂದು ದಿನ

ರಜೆಯ ಕೊನೆಗೆ ರೈಲನ್ನೋ ವಿಮಾನವನ್ನೋ ಮಂಗಳೂರಿನಲ್ಲಿ ಹಿಡಿಯುವವರಿಗೆ ಅಲ್ಲಿಯೂ ಜಾಡಿನಾಚೆಯ ಒಂದು ಸಂಜೆ ಸಿಗುತ್ತದೆ. 1784ರ ಸುಮಾರಿಗೆ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಕಾವಲುಬುರುಜನ್ನು ಹತ್ತಿಳಿದು, ಅದರ ಕೆಳಗಿನಿಂದಲೇ ಹೊರಡುವ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿಯ ಕಡಲತೀರಕ್ಕೆ ನಡೆದುಹೋಗಬಹುದು. ಹಳೆ ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿ ಇದಕ್ಕಿಂತಲೂ ನಿತ್ಯಜೀವನಕ್ಕೆ ಹತ್ತಿರವಾದದ್ದು. ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆಚಿತ್ರಗಳನ್ನು ನೋಡಲು ಹೋಗುವವರು ಅದೇ ಆವರಣದ ಅಲೋಶಿಯಂ ವಸ್ತುಸಂಗ್ರಹಾಲಯವನ್ನು ಗಮನಿಸದೆ ಮರಳುವುದೇ ಹೆಚ್ಚು. 1913ರಲ್ಲಿ ಆರಂಭವಾದ ಅಲ್ಲಿ ಮಂಗಳೂರಿನ ಮೊದಲ ಕಾರು ಇದೆ. ಮಕ್ಕಳಿಗೆ ಚಿತ್ರಗಳಿಗಿಂತ ಅದೇ ಪ್ರಿಯವಾಗುತ್ತದೆ.

ತಿಂಗಳು ನೋಡಿ ಆರಿಸುವುದು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ 61 ದಿನಗಳ ಮೀನುಗಾರಿಕೆ ನಿಷೇಧವಿರುತ್ತದೆ. ಆಗ ದ್ವೀಪಕ್ಕೂ ದೋಣಿಯಿಲ್ಲ, ಏಲಂ ಕೂಡ ಇಲ್ಲ. ಆದರೆ ಮಲ್ಪೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುವುದನ್ನೂ, ಚಪ್ಪರಗಳಲ್ಲಿ ಕುಳಿತು ಬಲೆ ಹೆಣೆಯುವವರನ್ನೂ ನೋಡಬಹುದು. ಉಳಿದ ಹೊತ್ತನ್ನು ಮಣಿಪಾಲದ ಸಂಗ್ರಹಗಳಿಗೆ ಕೊಡಬೇಕು. ಅಕ್ಟೋಬರಿನ ದಸರಾ ರಜೆಯಲ್ಲಿ ಕೈರಂಪಣಿ ಮತ್ತು ವರಂಗ ಎರಡೂ ಚೆನ್ನ, ಕೆರೆಯಲ್ಲಿ ನೀರು ತುಂಬಿರುತ್ತದೆ. ಡಿಸೆಂಬರಿನಲ್ಲಿ ಎಲ್ಲವೂ ಇರುತ್ತವೆ, ಜನವೂ ಇರುತ್ತಾರೆ. ಆಗ ಹಗಲನ್ನು ಕಡಲಿಗಿಂತ ಹೊಳೆಯ ಬದಿಗೂ, ರಾತ್ರಿಯನ್ನು ಚೌಕಿಗೂ ಮೀಸಲಿಡಿ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆಳಗಿನ ಆರರಿಂದ ಒಂಬತ್ತರವರೆಗಿನ ಹೊತ್ತು ಮತ್ತು ಸೂರ್ಯ ಮುಳುಗಿದ ನಂತರದ ಹೊತ್ತು ಮಾತ್ರ ಉಪಯೋಗಕ್ಕೆ ಬರುತ್ತದೆಂದು ತಿಳಿದು ಯೋಜಿಸಿ.

ಜನವರಿಯಿಂದ ಮಾರ್ಚಿನವರೆಗೆ ಬರುವವರು ಇನ್ನೂ ಒಂದು ವಿಚಾರಣೆ ಮಾಡಬಹುದು. ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡು ಟೊಂಕ ಮುಂತಾದ ತೀರಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರೂ ಸ್ಥಳೀಯ ಮೀನುಗಾರರೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ, ಸುಮಾರು ಒಂದೂವರೆ ತಿಂಗಳಿನಿಂದ ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಇದನ್ನು ನೆಚ್ಚಿಕೊಂಡು ರಜೆಯ ದಿನ ಗೊತ್ತುಮಾಡುವುದು ಸರಿಯಲ್ಲ. ಬಂದ ಮೇಲೆ ಆ ಭಾಗದ ಅರಣ್ಯ ಕಚೇರಿಯಲ್ಲಿ ಕೇಳಿ, ಅವರು ಕರೆದರೆ ಮಾತ್ರ, ಅವರು ನಿಲ್ಲಿಸಿದ ಜಾಗದಲ್ಲಿ ನಿಂತು ನೋಡಬೇಕು. ಟಾರ್ಚನ್ನಾಗಲಿ ಮೊಬೈಲ್ ಬೆಳಕನ್ನಾಗಲಿ ಹಾಕಬಾರದು, ಏಕೆಂದರೆ ಕಡಲಿನ ಮೇಲಿನ ಬೆಳಕನ್ನು ಅನುಸರಿಸಿ ನೀರಿಗೆ ಸಾಗುವ ಮರಿಗಳು ದಡದ ಬೆಳಕಿಗೆ ದಾರಿ ತಪ್ಪುತ್ತವೆ. ಮರಿಗಳನ್ನು ಕೈಗೆತ್ತಿಕೊಳ್ಳಲು ಮಕ್ಕಳನ್ನು ಬಿಡಬಾರದೆಂಬುದನ್ನು ತೀರಕ್ಕೆ ಹೋಗುವ ಮೊದಲೇ, ಕೋಣೆಯಲ್ಲಿಯೇ ತಿಳಿಹೇಳಿ ಕರೆದೊಯ್ಯಿರಿ.